ಗಾಡಿ-ಗೀಡಿ: ಹೊಸ ಸ್ಕೂಟರ್‌ಗೆ ಏನು ಹಾಕಿಸಲಿ, ಏನು ಬೇಡ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಸಲ ಗಾಡಿ ಕೊಂಡವರದ್ದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 110 ಸಿಸಿ ಸ್ಕೂಟರ್ ಬುಕ್ ಮಾಡಿದ್ದೇನೆ. ಇನ್ನೂ ಕಲಿಯುತ್ತಿದ್ದೇನೆ. ಶೋರೂಮಿನವರು ಟೆಫ್ಲಾನ್ ಕೋಟಿಂಗ್, ಗಾರ್ಡ್, ಸೀಟ್ ಕವರ್, ಮ್ಯಾಟ್, ಸೀರೆ ಗಾರ್ಡ್, ಹೆಲ್ಮೆಟ್ ಎಲ್ಲ ಸೇರಿಸಿ ‘ಪ್ಯಾಕೇಜ್’ ಎಂದು ಚೀಟಿ ಕೊಟ್ಟಿದ್ದಾರೆ. ಎಲ್ಲವೂ ಬೇಕೇ?
— ತುಮಕೂರು

ಉತ್ತರ: ಬೇಡ. ಮೊದಲು ಆ ಚೀಟಿಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಯಾವುದಕ್ಕೆ ಎಷ್ಟು ಎಂದು ಕಂಡಾಗಲೇ ಅರ್ಧ ಸಾಲು ತಾನಾಗಿ ಉದುರುತ್ತದೆ.

ಅದರಲ್ಲಿ ಕೆಲವು ಗಾಡಿಯ ಜೊತೆಗೇ ಬರಬೇಕಾದವು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ತಡೆ, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಲೇಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ 123. ಗಾಡಿ ಮಾರುವಾಗಲೇ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕು ಎಂಬುದು ನಿಯಮ 138ರಲ್ಲಿದೆ. 2019ರ ಏಪ್ರಿಲ್‌ನಿಂದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಕೂಡ ಹೊಸ ಗಾಡಿಯ ಜೊತೆಗೇ ಬರುತ್ತದೆ. ಇವು ‘ಆಕ್ಸೆಸರಿ’ ಸಾಲಿನಲ್ಲಿ ಕಂಡರೆ ಯಾಕೆ ಎಂದು ಕೇಳಿ. ಕೇಳಿದವರಿಗೆ ಬಿಟ್ಟುಕೊಡುವುದು ಮಾಮೂಲು.

ಟೆಫ್ಲಾನ್ ಕೋಟಿಂಗ್ ಎಂದು ಹಚ್ಚುವುದು ಹೆಚ್ಚೂಕಮ್ಮಿ ಒಂದು ಪಾಲಿಶ್. ನಾಲ್ಕಾರು ವಾಟರ್ ವಾಶ್ ಆಗುವಷ್ಟರಲ್ಲಿ ಹೊಳಪು ಹೋಗಿರುತ್ತದೆ. ಹೊಸ ಬಣ್ಣಕ್ಕೆ ಅದರ ಅಗತ್ಯವೇ ಇಲ್ಲ. ರಬ್ಬರ್ ಮ್ಯಾಟ್ ಹಾಕಿಸಿ, ಆದರೆ ನಿಮ್ಮ ಮಾಡೆಲ್‌ಗೇ ಅಚ್ಚು ಹಾಕಿದ್ದಿರಬೇಕು. ಅಂಚು ಎದ್ದು ನಿಲ್ಲುವ ಮ್ಯಾಟು, ಕಾಲು ಕೆಳಗಿಡುವ ಅವಸರದಲ್ಲಿ ಚಪ್ಪಲಿಯ ತುದಿಗೆ ಸಿಕ್ಕುತ್ತದೆ.

ಉಳಿದ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್, ಕೈಗವಸು, ಟೈರಿನ ಗಾಳಿ ನೋಡುವ ಸಣ್ಣ ಗೇಜ್ ಕೊಳ್ಳಿ. ಮಿಕ್ಕಿದ್ದನ್ನು 500 ಕಿ.ಮೀ. ಓಡಿಸಿದ ಮೇಲೆ ಯೋಚಿಸಿ. ನಿಮಗೆ ಏನು ಕಷ್ಟವಾಗುತ್ತಿದೆ ಎಂಬುದು ಗೊತ್ತಾಗುವುದೇ ಆಗ.

ಇನ್ನೊಂದು ಮಾತು, ವಿಮೆಯದ್ದು. ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬುವುದು) ಕಡ್ಡಾಯ. ನಿಮ್ಮದೇ ಗಾಡಿಯ ನಷ್ಟ ತುಂಬುವ ಭಾಗ ಬೇರೆ. ಅದು ಎಷ್ಟು ವರ್ಷಕ್ಕೆ ಇದೆ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ. ಹೊರಗೆ ಹಾಕಿಸಿದ ಲೈಟು, ಚಾರ್ಜರ್‌ನಂಥ ವಿದ್ಯುತ್ ಸಾಮಾನು ಪಾಲಿಸಿಯಲ್ಲಿ ನಮೂದಾಗದಿದ್ದರೆ ಅದರ ಹಣ ಸಿಗುವುದಿಲ್ಲ.

ಪ್ರಶ್ನೆ: ನನ್ನ ಎತ್ತರ 4 ಅಡಿ 11 ಇಂಚು. ಸಿಗ್ನಲ್‌ನಲ್ಲಿ ನಿಂತರೆ ಎರಡೂ ಕಡೆ ತುದಿಗಾಲು. ಶಾಕ್ ಅಬ್ಸಾರ್ಬರ್ ಇಳಿಸಿಕೊಡುತ್ತೇನೆ ಎನ್ನುತ್ತಾರೆ ನಮ್ಮ ಬೀದಿಯ ಮೆಕ್ಯಾನಿಕ್. ಮಾಡಿಸಬಹುದೇ?
— ಹುಬ್ಬಳ್ಳಿ

ಉತ್ತರ: ಮಾಡಿಸಬೇಡಿ. ಹಿಂಭಾಗ ಇಳಿದರೆ ಡಬಲ್ ಸ್ಟ್ಯಾಂಡ್ ಹಾಕುವುದು ಕಷ್ಟ, ಸೈಡ್ ಸ್ಟ್ಯಾಂಡ್‌ನಲ್ಲಿ ಗಾಡಿ ನೆಟ್ಟಗೆ ನಿಂತು ಬಲಕ್ಕೆ ಉರುಳಬಹುದು, ರಸ್ತೆ ಉಬ್ಬಿಗೆ ಹೊಟ್ಟೆ ತಾಗುತ್ತದೆ.

ಕೆಲಸ ಇರುವುದು ಸೀಟಿನಲ್ಲಿ. ಹೆಚ್ಚಿನ 110 ಸಿಸಿ ಸ್ಕೂಟರ್‌ಗಳ ಸೀಟು ನೆಲದಿಂದ 760–770 ಮಿ.ಮೀ. ಎತ್ತರದಲ್ಲಿದೆ. ಕುಳ್ಳಗಿರುವವರಿಗೆ ಎತ್ತರಕ್ಕಿಂತ ಅಗಲವೇ ಹೆಚ್ಚು ತೊಡಕು: ಸೀಟಿನ ಮೂತಿ ಅಗಲವಿದ್ದರೆ ತೊಡೆ ಹೊರಕ್ಕೆ ಚಾಚಿ, ಕಾಲು ನೇರ ಕೆಳಗಿಳಿಯುವ ಬದಲು ಓರೆಯಾಗಿ ಇಳಿಯುತ್ತದೆ. ಸೀಟ್ ಕೆಲಸದವರ ಹತ್ತಿರ ಹೋಗಿ ಕವರ್ ಬಿಚ್ಚಿಸಿ, ಮುಂದಿನ ಎರಡೂ ಅಂಚಿನ ಸ್ಪಂಜನ್ನು ಒಂದೊಂದು ಸೆಂ.ಮೀ. ಹೆರೆಸಿ. ಕೂತು ನೋಡಿ. ಸಾಲದಿದ್ದರೆ ಮಾತ್ರ ನಡುಭಾಗವನ್ನು 2 ಸೆಂ.ಮೀ.ವರೆಗೆ ಇಳಿಸಿ. ಅದಕ್ಕಿಂತ ಹೆಚ್ಚು ತೆಗೆದರೆ ಗುಂಡಿಗೆ ಇಳಿದಾಗಲೆಲ್ಲ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಸೊಂಟಕ್ಕೆ ಗುದ್ದುತ್ತದೆ. ದಪ್ಪ ಸ್ಪಂಜಿನ ಸೀಟ್ ಕವರ್ ಹಾಕಿಸಿದ್ದರೆ ಮೊದಲು ಅದನ್ನು ತೆಗೆಯಿರಿ, ಒಂದೆರಡು ಸೆಂ.ಮೀ. ಅಲ್ಲೇ ಸಿಗುತ್ತದೆ. ನಿಲ್ಲುವಾಗ ಎರಡೂ ಕಾಲು ಊರುವ ಹಟ ಬೇಡ. ಸೀಟಿನ ಮುಂದಕ್ಕೆ ಜಾರಿ ಎಡಗಾಲನ್ನು ಪೂರ್ತಿ ಊರಿ.

ಡಬಲ್ ಸ್ಟ್ಯಾಂಡ್ ಬಗ್ಗೆಯೂ ಕೇಳಿದ್ದೀರಿ. ಅದು ತೋಳಿನ ಬಲದ ಕೆಲಸವಲ್ಲ. ಗಾಡಿಯ ಎಡಕ್ಕೆ ನಿಂತು, ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಹಿಡಿಯ ಮೇಲೆ ಇಡಿ. ಬಲಗಾಲಿನಿಂದ ಸ್ಟ್ಯಾಂಡ್ ಒತ್ತಿ, ಗಾಡಿಯನ್ನು ನೆಟ್ಟಗೆ ಮಾಡುತ್ತಾ ಬನ್ನಿ. ಸ್ಟ್ಯಾಂಡಿನ ಎರಡೂ ಪಾದ ನೆಲ ಮುಟ್ಟಿದ್ದು ಕಾಲಿಗೇ ತಿಳಿಯುತ್ತದೆ. ಆಗ ಮೈಭಾರವನ್ನೆಲ್ಲ ಬಲಗಾಲಿಗೆ ಬಿಡಿ, ಗಾಡಿ ತಾನಾಗಿ ಹಿಂದಕ್ಕೆ ಏರುತ್ತದೆ. ಒಂದೇ ಪಾದ ಮುಟ್ಟಿರುವಾಗ ಒತ್ತುವುದರಿಂದಲೇ ಗಾಡಿ ವಾಲುವುದು.

ಪ್ರಶ್ನೆ: ಬೀಳುವ ಭಯಕ್ಕೆ ಸುತ್ತಲೂ ಸ್ಟೀಲ್ ಗಾರ್ಡ್ ಹಾಕಿಸೋಣವೇ?
— ಬೆಂಗಳೂರು

ಉತ್ತರ: ಕಲಿಯುವವರ ಗಾಡಿ ಬೀಳುವುದು ನಿಂತಲ್ಲಿ, ಇಲ್ಲವೇ ತಿರುಗಿಸುವಾಗ ಮೆಲ್ಲಗೆ. ಹಾಗೆ ಬಿದ್ದಾಗ ಗಾರ್ಡ್ ಬಣ್ಣ ಉಳಿಸುತ್ತದೆ, ನಿಜ. ಆದರೆ ದಪ್ಪ ಪೈಪಿನ ಸುತ್ತು-ಗಾರ್ಡ್ ಗಾಡಿಗೆ ಹಲವು ಕೆ.ಜಿ. ಭಾರ ಸೇರಿಸುತ್ತದೆ, ಅದೂ ಬ್ಯಾಲೆನ್ಸ್ ಇನ್ನೂ ಕೂರದ ಕೈಗೆ. ಬೆಂಗಳೂರಿನ ಜಾಮ್‌ನಲ್ಲಿ ಇದರದೇ ಇನ್ನೊಂದು ಫಜೀತಿ: ಹೊರಚಾಚಿದ ಪೈಪು ಆಟೋ ಬಂಪರಿಗೋ ಪಕ್ಕದ ಬೈಕಿನ ಫುಟ್‌ರೆಸ್ಟಿಗೋ ಸಿಕ್ಕಿಕೊಳ್ಳುತ್ತದೆ.

ಹಾಕಿಸುವುದಾದರೆ ಮೈಗೆ ಅಂಟಿದಂತಿರುವ ಚಿಕ್ಕದನ್ನು ಆರಿಸಿ. ಹ್ಯಾಂಡಲ್ ತುದಿಗಿಂತ ಹೊರಗೆ ಬರಬಾರದು, ಬೋಲ್ಟು ಫ್ರೇಮಿಗೇ ಕೂರಬೇಕು. ಪ್ಲಾಸ್ಟಿಕ್ ಪ್ಯಾನೆಲ್‌ಗೆ ತೂತು ಕೊರೆದು ಕೂರಿಸಿದ್ದು ಬಿದ್ದಾಗ ಪ್ಯಾನೆಲನ್ನೂ ಕಿತ್ತುಕೊಂಡೇ ಹೋಗುತ್ತದೆ. ಎರಡು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ. ಗಾರ್ಡ್‌ನ ಗಡಗಡ ಸದ್ದು ಶುರುವಾಗುವುದು ಸಡಿಲವಾದ ಬೋಲ್ಟಿನಿಂದ.

ಪ್ರಶ್ನೆ: ಜೋಡಿ ಹಾರ್ನ್, ಎಲ್‌ಇಡಿ ಹೆಡ್‌ಲೈಟ್ ಬಲ್ಬು, ಮೊಬೈಲ್ ಚಾರ್ಜರ್ ಮೂರನ್ನೂ ಒಟ್ಟಿಗೆ ಹಾಕಿಸಬೇಕೆಂದಿದ್ದೇನೆ. ವಾರಂಟಿಗೆ ತೊಂದರೆಯೇ?
— ದಾವಣಗೆರೆ

ಉತ್ತರ: ತಂತಿ ಕತ್ತರಿಸಿದರೆ ತೊಂದರೆ ಇದ್ದೇ ಇದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಪೆಟ್ರೋಲ್ ಬಿಡುವುದೂ ಕಿಡಿ ಕೊಡುವುದೂ ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಯಾವುದೋ ತಂತಿಯ ಸಿಪ್ಪೆ ಸುಲಿದು ಟೇಪು ಸುತ್ತಿದರೆ ಮೊದಲ ಮಳೆಗೆ ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಆಮೇಲೆ ಗಾಡಿ ಯಾಕೆ ನಿಂತಿತು ಎಂದು ಹುಡುಕುವುದೇ ಕೆಲಸ. ನಿಮ್ಮ ಮಾಡೆಲ್‌ಗೆ ಕಪ್ಲರ್ (ತಂತಿ ಕತ್ತರಿಸದೆ ಸಿಕ್ಕಿಸುವ ಜೋಡಣೆ) ಸಮೇತ ಬರುವ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ಸಿಕ್ಕರೆ ಅದನ್ನೇ ಕೊಳ್ಳಿ.

ಚಾರ್ಜರ್ ಬೇಕಾದದ್ದೇ. 5 ವೋಲ್ಟ್ 2 ಆಂಪಿಯರ್ ಸಾಕು. ಅದು ಬ್ಯಾಟರಿಯಿಂದ ಎಳೆಯುವುದು ಒಂದು ಆಂಪಿಯರ್‌ನಷ್ಟು. ಸಂಪರ್ಕ ಕೊಡಬೇಕಾದದ್ದು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಯಿಂದ, ನಡುವೆ 3 ಆಂಪಿಯರ್ ಫ್ಯೂಸ್ ಇಟ್ಟು. ಮಲ್ಟಿಮೀಟರ್ ಹಿಡಿದು ನೋಡಿ: ಕೀ ಆಫ್ ಇದ್ದಾಗ ಸೊನ್ನೆ, ಆನ್ ಮಾಡಿದಾಗ 12 ವೋಲ್ಟ್ ತೋರಿಸಬೇಕು. ನೇರ ಬ್ಯಾಟರಿಗೆ ಕೊಟ್ಟರೆ ಮೊಬೈಲ್ ಸಿಕ್ಕಿಸದಿದ್ದರೂ ಚಾರ್ಜರಿನೊಳಗಿನ ಸರ್ಕ್ಯೂಟು ಹಗಲೂರಾತ್ರಿ ಒಂದಿಷ್ಟು ಕುಡಿಯುತ್ತಲೇ ಇರುತ್ತದೆ. ಈಗಿನ ಎಷ್ಟೋ ಸ್ಕೂಟರ್‌ಗಳ ಬ್ಯಾಟರಿ ಬರೀ 3–4 ಆಂಪಿಯರ್-ಅವರ್‌ನದು. ವಾರ ಊರಿಗೆ ಹೋಗಿ ಬಂದರೆ ಸೆಲ್ಫ್ ತಿರುಗುವುದಿಲ್ಲ. ಕಿಕ್ ಇಲ್ಲದ ಗಾಡಿಯಾದರೆ ತಳ್ಳಿಕೊಂಡೇ ಹೋಗಬೇಕು. ತಳ್ಳಿ ಸ್ಟಾರ್ಟ್ ಮಾಡಲು ಇದು ಗೇರ್ ಬೈಕಲ್ಲ.

ಹಾರ್ನ್ ಹಾಕಿಸುವುದಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಕಡ್ಡಾಯ. ಕಂಪನಿಯ ಹಾರ್ನ್ ಸ್ವಿಚ್ಚು ಒಂದು ಹಾರ್ನಿನ ಕರೆಂಟಿಗೆ ಅಳೆದು ಮಾಡಿದ್ದು. ಜೋಡಿ ಹಾಕಿದರೆ ಸ್ವಿಚ್ಚಿನೊಳಗಿನ ಲೋಹದ ಸಂಪರ್ಕ ಸುಟ್ಟು ಒಂದು ದಿನ ಹಾರ್ನೇ ಬಾರದು. ಹಳೆಯ ಹಾರ್ನ್‌ಗೆ ಬರುತ್ತಿದ್ದ ಎರಡು ತಂತಿಗಳನ್ನು ರಿಲೇಯ 85 ಮತ್ತು 86ನೇ ಪಿನ್ನಿಗೆ ಕೊಡಿ. ಬ್ಯಾಟರಿಯ ಪ್ಲಸ್‌ನಿಂದ 15 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಹಾರ್ನ್‌ಗಳಿಗೆ, ಹಾರ್ನಿನ ಇನ್ನೊಂದು ತುದಿ ಅರ್ತ್‌ಗೆ. ಫ್ಯೂಸು ಬ್ಯಾಟರಿಯ ಹತ್ತಿರದಲ್ಲೇ ಇರಲಿ. ನಾನಾ ಸ್ವರದ, ಕರ್ಕಶವಾದ ಹಾರ್ನುಗಳಿಗೆ ನಿಯಮ 119ರಲ್ಲಿ ನಿಷೇಧವಿದೆ. ನಮ್ಮನ್ನು ಕೇಳಿದರೆ, ಕಲಿಯುವವರಿಗೆ ದೊಡ್ಡ ಹಾರ್ನಿಗಿಂತ ಬ್ರೇಕಿನ ಮೇಲೆ ಎರಡು ಬೆರಳಿರುವುದು ಲಾಭ.

ಎಲ್‌ಇಡಿ ಬಲ್ಬು ಮಾತ್ರ ಖಂಡಿತ ಬೇಡ. ಹ್ಯಾಲೊಜೆನ್ ಹೆಡ್‌ಲೈಟಿನ ಕನ್ನಡಿ, ತಂತಿಸುರುಳಿ ಇರುವ ಜಾಗವನ್ನೇ ಲೆಕ್ಕ ಹಿಡಿದು ಬೆಳಕು ಹರಡುತ್ತದೆ. ಎಲ್‌ಇಡಿಯ ಬೆಳಗುವ ಚಿಪ್‌ಗಳು ಆ ಜಾಗದಲ್ಲಿ ಸರಿಯಾಗಿ ಕೂರದೆ ಬೆಳಕು ಮೇಲಕ್ಕೆ ಚದುರುತ್ತದೆ. ಎದುರಿನವರ ಕಣ್ಣು ಕುಕ್ಕುತ್ತದೆ, ನಿಮ್ಮ ಮುಂದಿನ ಗುಂಡಿ ಕತ್ತಲಲ್ಲೇ ಉಳಿಯುತ್ತದೆ. 35/35 ವ್ಯಾಟ್ ಬಲ್ಬಿನ ಜಾಗಕ್ಕೆ 60/55 ವ್ಯಾಟ್‌ನದನ್ನು ಹಾಕುವವರೂ ಇದ್ದಾರೆ. ಹೋಲ್ಡರ್ ಕರಗಿದ ವಾಸನೆ ಬಂದ ಮೇಲೆ ಬಿಚ್ಚುತ್ತಾರೆ. ಬೆಳಕು ಸಾಲದೆನಿಸಿದರೆ ಹೆಡ್‌ಲೈಟಿನ ಕೋನವನ್ನು ಸರಿ ಮಾಡಿಸಿ. ಹೊಸ ಗಾಡಿಗಳಲ್ಲೂ ಅದು ಒಮ್ಮೊಮ್ಮೆ ಮರಗಳನ್ನೇ ನೋಡುತ್ತಿರುತ್ತದೆ.

ಪ್ರಶ್ನೆ: ಮೃದುವಾಗಿರಲೆಂದು ಹ್ಯಾಂಡಲ್‌ಗೆ ಫೋಮ್ ಗ್ರಿಪ್ ಹಾಕಿಸಿದೆ. ಆಮೇಲೆ ಕೈ ಬಿಟ್ಟರೂ ಆಕ್ಸಿಲರೇಟರ್ ಸರಿಯಾಗಿ ಹಿಂದಕ್ಕೆ ಬರುತ್ತಿಲ್ಲ.
— ಶಿವಮೊಗ್ಗ

ಉತ್ತರ: ಇವತ್ತೇ ಬಲಗಡೆಯದನ್ನು ಕಿತ್ತುಹಾಕಿ. ಫೋಮಿನ ಒಳಅಂಚು ಸ್ವಿಚ್ ಡಬ್ಬಿಗೆ ಉಜ್ಜುತ್ತಿದೆ, ಇಲ್ಲವೇ ಹೊರ ಅಂಚು ಹ್ಯಾಂಡಲ್ ತುದಿಯ ತೂಕದ ತುಂಡಿಗೆ ಒತ್ತುತ್ತಿದೆ. ಇಂಜಿನ್ ಆಫ್ ಮಾಡಿ ಪೂರ್ತಿ ತಿರುವಿ ಬಿಡಿ, ಟಕ್ಕನೆ ವಾಪಸು ಬರಬೇಕು. ಹ್ಯಾಂಡಲನ್ನು ಎಡತುದಿಗೂ ಬಲತುದಿಗೂ ತಿರುಗಿಸಿ ಮತ್ತೆ ನೋಡಿ. ಫೋಮ್ ತೆಗೆದ ಮೇಲೂ ನಿಧಾನವಾದರೆ ಕೇಬಲ್ ಎಲ್ಲೋ ಮಡಚಿದೆ. ಓಡಿಸದೆ ಸರ್ವಿಸ್‌ಗೆ ಕೊಡಿ. ಚಿಕ್ಕ ಕೈಯವರಿಗೆ ಫೋಮಿನಿಂದ ಇನ್ನೊಂದು ನಷ್ಟವೂ ಇದೆ: ಹಿಡಿ ದಪ್ಪವಾಗಿ ಬ್ರೇಕ್ ಲಿವರ್ ದೂರವಾಗುತ್ತದೆ. ಅಂಗೈ ನೋವಿಗೆ ಕೈಗವಸು ಸಾಕು.

ಪ್ರಶ್ನೆ: ಹಿಂದಿನ ಚಕ್ರಕ್ಕೆ ಅಗಲ ಟೈರ್ ಹಾಕಿಸಿದರೆ ಜಾರುವುದಿಲ್ಲವಂತೆ, ಹೌದೇ?
— ಹಾಸನ

ಉತ್ತರ: ನಿಮ್ಮ ಟೈರ್ 90/100-10. ಅಂದರೆ ಅಗಲ 90 ಮಿ.ಮೀ., ಗೋಡೆ (ಟೈರಿನ ಪಕ್ಕದ ಎತ್ತರ) ಅದರ ನೂರಕ್ಕೆ ನೂರು, ರಿಮ್ 10 ಇಂಚು. ಅಂಗಡಿಯವರು ಹೇಳಿದ 100/90-10ರ ಗೋಡೆಯೂ 90 ಮಿ.ಮೀ.ಯೇ, ಹಾಗಾಗಿ ಸುತ್ತಳತೆ ಅಷ್ಟೇ. ಅಗಲ ಮಾತ್ರ ಒಂದು ಸೆಂ.ಮೀ. ಹೆಚ್ಚು. ಕೂರಬಹುದು, ಆದರೆ ಪಕ್ಕದಲ್ಲಿ ಉಜ್ಜುತ್ತದೆಯೇ ಎಂಬುದು ಇಬ್ಬರು ಕೂತು ಗುಂಡಿಗೆ ಇಳಿದಾಗಲೇ ತಿಳಿಯುವುದು. ಹೊಸ ಟೈರ್ ಎಸೆದು ಅದನ್ನು ಕೊಳ್ಳುವ ಕಾರಣ ಕಾಣದು. ಜಾರುವುದು ಹೆಚ್ಚಾಗಿ ಗಾಳಿಯ ತಪ್ಪಿನಿಂದ. ನಿಮ್ಮಂಥ ಗಾಡಿಗೆ ಒಬ್ಬರೇ ಇದ್ದಾಗ ಮುಂದೆ 22, ಹಿಂದೆ 29 ಪಿಎಸ್‌ಐ, ಇಬ್ಬರಾದರೆ ಹಿಂದೆ 36 ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ಮಾಡೆಲಿನದು ಕೈಪಿಡಿಯಲ್ಲಿದೆ. ಬಂಕಿನಲ್ಲಿ ಎರಡಕ್ಕೂ ‘ಮೂವತ್ತೈದು ಹೊಡಿ’ ಎಂದರೆ ಮುಂದಿನ ಚಕ್ರ ಜಲ್ಲಿಯ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಚಕ್ರ ತಣ್ಣಗಿರುವಾಗ, ವಾರಕ್ಕೊಮ್ಮೆ ನೋಡಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಹೊಸ ಗಾಡಿಗೆ ಏನೇನು ಮಾಡಿಸಬೇಕು?
— ಕುಂದಾಪುರ

ಉತ್ತರ: ಕರಾವಳಿಯಲ್ಲಿ ಮಳೆಯಷ್ಟೇ ಉಪ್ಪುಗಾಳಿಯೂ ಶತ್ರು. ಬೇರೆ ಊರಿನವರಿಗೆ ಬೇಡವೆನ್ನುವ ಆ್ಯಂಟಿ-ರಸ್ಟ್ ಕೋಟಿಂಗ್ ನಿಮಗೆ ಉಪಯೋಗಕ್ಕೆ ಬರುತ್ತದೆ. ಫ್ರೇಮಿನ ತಳ, ಸ್ಟ್ಯಾಂಡಿನ ಕೀಲು, ಮಡ್‌ಗಾರ್ಡ್ ಒಳಗೆ ಹೊಡೆಸಿ. ಬ್ರೇಕ್ ಡ್ರಮ್, ಸೈಲೆನ್ಸರ್, ಶಾಕ್ ಅಬ್ಸಾರ್ಬರಿನ ನುಣುಪು ಕಡ್ಡಿಗೆ ತಾಗದಂತೆ ಎದುರೇ ನಿಂತು ನೋಡಿ. ಮುಂದಿನ ಚಕ್ರಕ್ಕೆ ರಬ್ಬರ್ ಮಡ್‌ಫ್ಲ್ಯಾಪ್ ಹಾಕಿಸಿದರೆ ಕೆಸರು ಇಂಜಿನ್ ಕಡೆ ಸಿಡಿಯುವುದು ಕಡಿಮೆ.

ನೀರು ದಾಟಿದ ಮೇಲೆ ಡ್ರಮ್ ಬ್ರೇಕ್ ಕೆಲ ಹೊತ್ತು ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಲೇ ಲಿವರನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ, ಬಿಸಿಯಾಗಿ ಒಣಗುತ್ತದೆ. ಒದ್ದೆ ಗಾಡಿಗೆ ಕವರ್ ಹೊದಿಸಬೇಡಿ, ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ. ಬಿಸಿ ಸೈಲೆನ್ಸರ್ ಮೇಲೆ ಹೊದಿಸಿದರೆ ಕವರೇ ಅಂಟಿಕೊಳ್ಳುತ್ತದೆ. ರೈನ್‌ಕೋಟು ಪ್ಯಾಂಟು-ಶರ್ಟಿನದಿರಲಿ. ಜೋಲುವ ತರಹದ್ದು ಚಕ್ರಕ್ಕೆ ಸುತ್ತಿಕೊಳ್ಳುವುದು ಸೆರಗಿನ ಹಾಗೆಯೇ.

ಪ್ರಶ್ನೆ: ಹೆಲ್ಮೆಟ್ ಹಾಕಿದರೆ ಮುಂದಕ್ಕೆ ಜಾರಿ ಕಣ್ಣಿಗೆ ಬರುತ್ತದೆ. ಜಡೆ ಹಾಕುತ್ತೇನೆ.
— ಮೈಸೂರು

ಉತ್ತರ: ಅಳತೆ ದೊಡ್ಡದಾಗಿದೆ. ಟೇಪನ್ನು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಹಿಂದಲೆಯ ಉಬ್ಬಿನ ಮೇಲಿಂದ ಸುತ್ತಿ ಸೆಂ.ಮೀ.ನಲ್ಲಿ ಅಳೆಯಿರಿ, ಅದೇ ಸಂಖ್ಯೆಯದನ್ನು ಕೇಳಿ. ಹೊಸದು ಕೆನ್ನೆಯನ್ನು ತುಸು ಒತ್ತಬೇಕು. ಪಟ್ಟಿ ಬಿಗಿದು ಹಿಂದಿನಿಂದ ಮೇಲೆತ್ತಿದರೆ ಕಳಚಿ ಬರಬಾರದು. ಜಡೆಯನ್ನು ಕುತ್ತಿಗೆಗಿಂತ ಕೆಳಗೆ ಶುರುವಾಗುವಂತೆ ಸಡಿಲ ಹೆಣೆಯಿರಿ. ತುರುಬಿನ ಮೇಲೆ, ದೊಡ್ಡ ಕ್ಲಿಪ್ಪಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಮಲ್ಲಿಗೆಯನ್ನು ಡಿಕ್ಕಿಯಲ್ಲಿಟ್ಟು, ತಲುಪಿದ ಮೇಲೆ ಮುಡಿಯಿರಿ. ಕಪ್ಪು ವೈಸರ್ ಸಂಜೆ ಆರರ ನಂತರ ಕೆಲಸಕ್ಕೆ ಬಾರದು, ತಿಳಿಗಾಜಿನದ್ದೇ ಕೊಳ್ಳಿ.

ಪ್ರಶ್ನೆ: ಮಗಳಿಗೆ 17 ವರ್ಷ. ಮನೆಯ 110 ಸಿಸಿ ಗಾಡಿಗೆ ಎಲ್ ಬೋರ್ಡ್ ಹಾಕಿ ಕಲಿಸಬಹುದೇ?
— ಚಿತ್ರದುರ್ಗ

ಉತ್ತರ: ರಸ್ತೆಯಲ್ಲಿ ಕಲಿಸುವಂತಿಲ್ಲ. 16 ತುಂಬಿದವರಿಗೆ ಸಿಗುವುದು 50 ಸಿಸಿ ಮೀರದ ಗಾಡಿಯ ಲೈಸೆನ್ಸ್ ಮಾತ್ರ. ನಿಮ್ಮದಕ್ಕೆ 18 ಆಗಲೇಬೇಕು. ಅಪ್ರಾಪ್ತರು ಓಡಿಸುವಾಗ ತಪ್ಪು ನಡೆದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ. 18 ತುಂಬಿದ ಮೇಲೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ. ಅದಕ್ಕೆ ಆರು ತಿಂಗಳ ಅವಧಿ, 30 ದಿನ ಕಳೆದ ಮೇಲೆ ಡಿಎಲ್‌ಗೆ ಹೋಗಬಹುದು. ಎಲ್ ಬೋರ್ಡಿಗೂ ಅಳತೆ ಇದೆ: 18 ಸೆಂ.ಮೀ. ಚೌಕದ ಬಿಳಿ ಹಿನ್ನೆಲೆ, ಕನಿಷ್ಠ 10 ಸೆಂ.ಮೀ. ಎತ್ತರದ ಕೆಂಪು ಅಕ್ಷರ, ಹಿಂದೆಯೂ ಮುಂದೆಯೂ. ನಂಬರ್ ಪ್ಲೇಟಿನ ಮೇಲೆ ಅಂಟಿಸಬೇಡಿ.