ಫೋನ್ ಕಿರುಚಿದರೆ ಆಫ್ ಮಾಡ್ಬೇಡಿ

ಪ್ರಶ್ನೆ: ಫೋನ್ ಸೈಲೆಂಟ್‌ನಲ್ಲಿದ್ದರೂ ಒಮ್ಮೆ ಸೈರನ್ ತರ ಕಿರುಚಿಕೊಂಡು ಮಳೆಯ ಎಚ್ಚರಿಕೆ ಬಂತು. ಅಮ್ಮ ಹೆದರಿಬಿಟ್ಟರು. ಈ ಎಚ್ಚರಿಕೆ ಕಳಿಸುವವರಿಗೆ ನನ್ನ ನಂಬರ್ ಕೊಟ್ಟವರು ಯಾರು? ಇದನ್ನು ಆಫ್ ಮಾಡುವುದು ಹೇಗೆ?
– ಓದುಗರು, ಮಲ್ಪೆ

ಉತ್ತರ: ಆಫ್ ಮಾಡುವ ದಾರಿ ಇದೆ, ಆದರೆ ಕಡಲ ಬದಿಯಲ್ಲಿ ಇರುವವರಿಗೆ ನಾನಂತೂ ಹೇಳುವುದಿಲ್ಲ! ನಿಮ್ಮ ನಂಬರ್ ಯಾರಿಗೂ ಸಿಕ್ಕಿಲ್ಲ. ಇದಕ್ಕೆ ಸೆಲ್ ಬ್ರಾಡ್‌ಕಾಸ್ಟ್ ಅಂತಾರೆ. ಎಸ್ಸೆಮ್ಮೆಸ್ ಆದರೆ ಒಂದೊಂದು ನಂಬರಿಗೂ ಬೇರೆ ಬೇರೆ ಹೋಗಬೇಕು, ಗಾಳಿಮಳೆ ಜೋರಾಗಿ ಎಲ್ಲರೂ ಒಟ್ಟಿಗೆ ಫೋನ್ ಮಾಡುವ ಹೊತ್ತಿಗೆ ಅದು ಎಲ್ಲೋ ಸಿಕ್ಕಿಹಾಕಿಕೊಂಡು ಮರುದಿನ ಬಂದರೂ ಬಂತು. ಇದು ಬಯಲಾಟದ ಮೈಕಿನ ಹಾಗೆ. ಟವರ್ ಒಂದೇ ಸಲ ಕೂಗುತ್ತದೆ, ಅದರ ವ್ಯಾಪ್ತಿಯಲ್ಲಿ ಇರುವ ಫೋನುಗಳಿಗೆಲ್ಲ ಕೇಳುತ್ತದೆ. ಇಂಟರ್ನೆಟ್ಟೂ ಬೇಡ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದರ ಪರೀಕ್ಷೆ ನಡೆದಿತ್ತು, ಆವತ್ತು ಎಲ್ಲರ ಕಿಸೆಯೂ ಒಟ್ಟಿಗೆ ಕೂಗಿದ್ದು ನೆನಪಿರಬೇಕಲ್ವಾ?

ಅಮ್ಮನಿಗೆ ಇಷ್ಟು ಹೇಳಿಡಿ: ಈ ಶಬ್ದ ಬಂದರೆ ಹೆದರಬೇಡಿ, ಓದಿ, ಓದಲು ಆಗದಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಮನೆಯವರು ಯಾರಾದರೂ ಬೋಟಿಗೆ ಹೋಗುವವರಾದರೆ ಈ ಅಲರ್ಟನ್ನೇ ನಂಬಿ ಕೂರಬೇಡಿ. ದಡದಿಂದ ದೂರ ಹೋದ ಮೇಲೆ ಟವರೇ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಬೋಟಿನ ವೈರ್‌ಲೆಸ್, ಅಂದರೆ ವಿಎಚ್‌ಎಫ್ ರೇಡಿಯೋ, ಅದರಲ್ಲಿ ತುರ್ತು ಕರೆಗೆ ಇರುವ 16ನೇ ಚಾನೆಲ್. ಹೊರಡುವ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಅಲೆಗಳ ಬಗ್ಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಮಾಹಿತಿಯನ್ನೂ ನೋಡಿಯೇ ಹೋಗಲಿ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಡಲು ಹೇಗಿತ್ತು ಅಂತ ಮಲ್ಪೆಯವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಮಳೆ ಶುರುವಾದರೆ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ದಿನಾ ರೆಡ್ ಅಲರ್ಟ್, ದಿನಾ ಶಾಲೆಗೆ ರಜೆ! ಯಾವುದನ್ನು ನಂಬುವುದು?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಡಿಸಿ ಹೆಸರಿನ ಹಳೆಯ ರಜೆ ಆದೇಶಕ್ಕೆ ತಾರೀಕು ತಿದ್ದಿ ಬಿಡುವ ಮಕ್ಕಳಿದ್ದಾರೆ, ದೊಡ್ಡವರೂ ಇದ್ದಾರೆ. ರೆಡ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳಬಹುದು ಅಂತ, ಆರೆಂಜ್‌ಗೆ 115.6ರಿಂದ ಅಲ್ಲಿವರೆಗೆ. ನಿಜವೋ ಸುಳ್ಳೋ ತಿಳಿಯಲು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆ್ಯಪ್ ನೋಡಿ. ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೂ ಕೇಳಬಹುದು. ಅಪಾಯವೇ ಆದರೆ 112.

ಎಚ್ಚರಿಕೆಗೆ ಅಂತಲೇ ಬೇರೆ ಗ್ರೂಪ್ ಮಾಡಿ, ಅದರಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯಬಾರದು. ಗುಡ್ ಮಾರ್ನಿಂಗ್ ಹೂವುಗಳ ನಡುವೆ ನೆರೆಯ ಸುದ್ದಿ ಹುಡುಕುವುದು ಯಾರಿಗೆ ಬೇಕು? ಸುಮ್ನೆ ಫಾರ್ವರ್ಡ್ ಮಾಡುವ ಬದಲು ಮೂರು ವಿಷಯ ಈಗಲೇ ಬರೆದಿಡಿ: ರಾತ್ರಿ ನೀರು ಏರಿದರೆ ಬೇಸ್‌ಮೆಂಟಿನ ಮೈನ್ ಸ್ವಿಚ್ ಯಾರು ಆಫ್ ಮಾಡುತ್ತಾರೆ, ಲಿಫ್ಟ್ ಯಾರು ನಿಲ್ಲಿಸುತ್ತಾರೆ, ಒಂಟಿಯಾಗಿ ಇರುವ ಅಜ್ಜ ಅಜ್ಜಿಯರ ಬಾಗಿಲು ಯಾರು ಬಡಿಯುತ್ತಾರೆ. ಹೆಸರು, ಮನೆ ನಂಬರ್ ಸಮೇತ. ವಾಚ್‌ಮ್ಯಾನ್‌ಗೂ ಒಂದು ಪ್ರತಿ ಕೊಡಿ.