ತಲೆಗೆ ನೀರು ಹಾಕಿಕೊಂಡಾಗ ಫಿಟ್ಸ್: ಆಸ್ಪತ್ರೆ ಯಾವುದು ಅನ್ನುವುದಕ್ಕಿಂತ ಜೊತೆಗೆ ಯಾರು ಬರುತ್ತಾರೆ ಅನ್ನುವುದು ಮುಖ್ಯ

ನಿಮ್ಮ ತಂಗಿ ತಲೆಗೆ ನೀರು ಹಾಕಿಕೊಳ್ಳುವಾಗ ಮಾತ್ರ ಎಚ್ಚರ ತಪ್ಪುತ್ತಾಳೆ, ಎಂಆರ್‌ಐ ನಾರ್ಮಲ್ ಬಂದಿದೆ, ಸಾಲ ಮಾಡಿ ಬೆಂಗಳೂರಿನ ದೊಡ್ಡ ಪ್ರೈವೇಟ್ ಆಸ್ಪತ್ರೆಗೆ ಹೋಗೋದಾ ಅಥವಾ ನಿಮ್ಹಾನ್ಸಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ತಮ್ಮನೇ ಕಣ್ಣ ಮುಂದೆ ಬಂದ.

ನಮ್ಮದು ಮಂಡ್ಯದ ಕಡೆ ಹಳ್ಳಿ. ವಾರಕ್ಕೊಮ್ಮೆ ತಲೆಗೆ ಹರಳೆಣ್ಣೆ ಹಚ್ಚಿ, ಹಂಡೆಯಲ್ಲಿ ಕಾದ ನೀರನ್ನು ಸುರಿಯುವುದು ನಮ್ಮ ಮನೆಯ ಪದ್ಧತಿ. ನೀರು ಚುರ್ ಅನ್ನದಿದ್ದರೆ ಅದು ಸ್ನಾನವೇ ಅಲ್ಲ. ತಮ್ಮ ಆರನೇ ಕ್ಲಾಸಿನಲ್ಲಿದ್ದಾಗ ಬಚ್ಚಲಲ್ಲಿ ಬೀಳುವುದು ಶುರುವಾಯಿತು. ಊರಿನ ಡಾಕ್ಟರು ನಿಶ್ಶಕ್ತಿ ಅಂದರು, ಟಾನಿಕ್ ಕೊಟ್ಟರು. ಟೌನಿನಲ್ಲಿ ಬಿಪಿ, ರಕ್ತ, ಕಿವಿ ಎಲ್ಲಾ ನೋಡಿದರು. ನೆಂಟರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಆಮೇಲೆ ಒಂದು ದೊಡ್ಡ ಪ್ರೈವೇಟ್ ಆಸ್ಪತ್ರೆ. ಎಂಆರ್‌ಐಗೆ ದುಡ್ಡು ಹೊಂದಿಸಲು ಅಪ್ಪ ಹಾಲು ಕರೆಯುವ ಹಸು ಮಾರಿದರು. ರಿಪೋರ್ಟ್ ನಾರ್ಮಲ್. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿಯೂ ನಾರ್ಮಲ್. ಸ್ಕೂಲು ತಪ್ಪಿಸಲು ಹುಡುಗ ಹೀಗೆ ಮಾಡ್ತಿರಬಹುದು ಅಂತ ಅಲ್ಲಿನವರು ಅಂದರು. ಅಪ್ಪ ಅದನ್ನು ನಂಬಿ ಅವನಿಗೆ ಹೊಡೆದೂ ಬಿಟ್ಟರು. ಆಮೇಲೆ ಒಂದು ಭಾನುವಾರ ಅವನು ಹಂಡೆ ಒಲೆಯ ಪಕ್ಕಕ್ಕೇ ಬಿದ್ದ. ಬಲಗೈ ಮೊಣಕೈವರೆಗೆ ಸುಟ್ಟಿತು. ಕಲೆ ಈಗಲೂ ಇದೆ.

ನಮ್ಮ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿರಬಹುದು. ಪ್ರತಿ ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವರು ಅಪ್ಪ ಮತ್ತು ನಾನು. ಅಪ್ಪ ಆ ಹೊತ್ತಿಗೆ ಗದ್ದೆಯಲ್ಲಿರುತ್ತಿದ್ದರು, ನಾನು ಹಾಸ್ಟೆಲಿನಲ್ಲಿ. ಅವನು ಬೀಳುವುದನ್ನು ಇಬ್ಬರೂ ಒಂದು ಸಲವೂ ನೋಡಿರಲಿಲ್ಲ. "ತಲೆ ಸುತ್ತಿ ಬೀಳ್ತಾನೆ ಸಾರ್" ಅನ್ನುತ್ತಿದ್ದೆವು. ಡಾಕ್ಟರು ತಲೆಸುತ್ತಿಗೆ ಏನು ನೋಡಬೇಕೋ ಅದನ್ನು ನೋಡುತ್ತಿದ್ದರು. ಅವರಿಗೆ ಸಿಗುವ ಐದು ನಿಮಿಷದಲ್ಲಿ ಇನ್ನೇನು ಮಾಡಿಯಾರು? ನಾನು ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಫೈಲ್ ಮಾಡಿದ್ದೆ, ಅದೇ ಸಾಕು ಅಂದುಕೊಂಡಿದ್ದೆ. ಬೀಳುವ ಮುಂಚಿನ ಆ ಒಂದು ನಿಮಿಷ ಏನಾಗುತ್ತದೆ ಅನ್ನುವುದು ಮಾತ್ರ ಅಷ್ಟು ದಪ್ಪದ ಫೈಲಿನಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನು ಬಲ್ಲವರು ನೀರು ಹೊಯ್ಯುತ್ತಿದ್ದ ಅಜ್ಜಿ. ವಯಸ್ಸಾದವರು, ಬಸ್ಸು ಆಗಲ್ಲ, ಸುಮ್ನೆ ಯಾಕೆ ಅಲೆಸೋದು ಅಂತ ಅವರನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆವು.

ಕೈ ಸುಟ್ಟ ಮೇಲೆ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಫೈಲನ್ನು ಪಕ್ಕಕ್ಕಿಟ್ಟು, ಬೀಳೋದನ್ನ ಕಣ್ಣಾರೆ ಕಂಡವರು ಯಾರು ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಫೋನ್ ಮಾಡಿ ಅಜ್ಜಿಯ ಕೈಗೆ ಕೊಡಿಸಿದೆವು. ಅಜ್ಜಿ ಹೇಳಿದ್ದು ಇಷ್ಟು: "ಮೂರ್ನಾಕು ಚೊಂಬು ಬೀಳ್ತಿದ್ದಂಗೆ ಮಗ ಒಂಥರಾ ಎತ್ತಲೋ ನೋಡ್ತದೆ ಕಣಪ್ಪ. ನಾನು ನಿಲ್ಲಿಸಿದ್ರೆ ಚೊಂಬು ಕಿತ್ಕೊಂಡು ತಾನೇ ಸುರ್ಕೊಳ್ತದೆ, ನಿಲ್ಲಿಸೋದೇ ಇಲ್ಲ. ಕೂಗಿದ್ರೂ ಓಗೊಡಕಿಲ್ಲ. ಬಾಯಿ ಚಪ್ಪರಿಸ್ತದೆ. ಆಮೇಲೆ ಬೀಳೋದು."

ಡಾಕ್ಟರು ಆಗಲೇ ಹೇಳಿದರು, ಇದು ಬಿಸಿನೀರಿನ ಮೂರ್ಛೆ ಅಂತ. ತಲೆಯ ಮೇಲೆ ಬಿಸಿನೀರು ಒಂದೇ ಸಮ ಬಿದ್ದಾಗ ಕೆಲವರ ಮೆದುಳಿನಲ್ಲಿ ಫಿಟ್ಸ್ ಶುರುವಾಗುತ್ತದೆ. ಚೊಂಬು ಬಿಡದೆ ಮತ್ತೆ ಮತ್ತೆ ಸುರಿದುಕೊಳ್ಳುವುದೂ ಕೆಲವರಲ್ಲಿ ಅದೇ ಕಾಯಿಲೆಯ ಭಾಗ, ಹಟ ಅಲ್ಲ. ಪ್ರಪಂಚದ ಬೇರೆ ಕಡೆ ಅಪರೂಪವಾದ ಇದು ನಮ್ಮ ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಪಿ. ಸತೀಶ್ಚಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎಂಆರ್‌ಐ ನಾರ್ಮಲ್ ಬಂತು ಅಂತ ಕಾಯಿಲೆ ಇಲ್ಲ ಅಂತಲ್ಲ. ಎಂಆರ್‌ಐ ತೋರಿಸುವುದು ಮೆದುಳಿನ ರಚನೆಯನ್ನು. ಇಇಜಿ ಹಿಡಿಯುವುದು ಆ ಅರ್ಧ ಗಂಟೆಯಲ್ಲಿ ಏನಾಯಿತೋ ಅಷ್ಟನ್ನು. ಫಿಟ್ಸ್ ಬರುವುದು ಬಚ್ಚಲಲ್ಲಿ, ಇಇಜಿ ರೂಮಿನಲ್ಲಲ್ಲ. ಹಾಗಾಗಿ ಈ ಕಾಯಿಲೆಯಲ್ಲಿ ಅದು ನಾರ್ಮಲ್ ಬರುವುದೇ ಹೆಚ್ಚು.

ಚಿಕಿತ್ಸೆಯೂ ನಾವು ಹೆದರಿದಷ್ಟು ದೊಡ್ಡದಾಗಿರಲಿಲ್ಲ. ತಲೆಗೆ ಉಗುರುಬೆಚ್ಚಗಿನ ನೀರು ಮಾತ್ರ. ತಲೆ ತೊಳೆಯುವ ದಿನ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ. ಕೆಲವರಿಗೆ ಇಷ್ಟರಲ್ಲೇ ನಿಲ್ಲುತ್ತದೆ. ಮುಂದೆ ಸ್ನಾನ ಇಲ್ಲದಾಗಲೂ ಫಿಟ್ಸ್ ಬರುವವರಿಗೆ ದಿನಾ ಮಾತ್ರೆ ಬೇಕಾಗುತ್ತದೆ. ದಯವಿಟ್ಟು ಇದನ್ನು ಓದಿ ಮೆಡಿಕಲ್ ಶಾಪಿಗೆ ಹೋಗಬೇಡಿ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಡಾಕ್ಟರೇ ಹೇಳಬೇಕು. ದಿನಾ ಮಾತ್ರೆ ಕೊಟ್ಟರೆ, ವಾಸಿಯಾಯಿತು ಅಂತ ನೀವೇ ನಿಲ್ಲಿಸಲೂ ಬೇಡಿ. ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರೈವೇಟಾ ನಿಮ್ಹಾನ್ಸಾ ಅನ್ನುವುದು ಈಗ ದೊಡ್ಡ ವಿಷಯವೇ ಅಲ್ಲ, ಸಾಲ ಅಂತೂ ಬೇಡವೇ ಬೇಡ. ತಂಗಿಯ ಸ್ನಾನದ ಹೊತ್ತಿಗೆ ಹತ್ತಿರ ಇದ್ದವರು ಅಮ್ಮ ತಾನೇ? ಅವರನ್ನು ಡಾಕ್ಟರ ಮುಂದೆ ಕೂರಿಸಿ. ನೋಡಿದ್ದನ್ನು ನೋಡಿದ ಹಾಗೇ ಹೇಳಲಿ, ಅವರ ಮಾತಿನ ಮಧ್ಯೆ ನೀವು ಬಾಯಿ ಹಾಕಬೇಡಿ. ಫಿಟ್ಸ್ ಬಂದಾಗ ವಿಡಿಯೊ ಮಾಡಿ ಅಂತ ಡಾಕ್ಟರುಗಳು ಹೇಳುತ್ತಾರೆ, ಅದು ಒಳ್ಳೆಯದೇ. ಆದರೆ ಬಚ್ಚಲಲ್ಲಿರುವ ಹೆಣ್ಣುಮಗಳಿಗೆ ಅದು ಬೇಡ, ಅಮ್ಮನ ಮಾತು ಸಾಕು. ಕೇಳಿಸಿಕೊಳ್ಳುವ ತಾಳ್ಮೆ ಇರುವ ಯಾವ ನ್ಯೂರಾಲಜಿಸ್ಟ್ ಆದರೂ ಸರಿ. ನಾನಾಗಿದ್ದರೆ ಮೊದಲು ಜಿಲ್ಲಾಸ್ಪತ್ರೆಗೆ ಹೋಗಿ ವಿಚಾರಿಸುತ್ತಿದ್ದೆ. ನಿಮ್ಹಾನ್ಸ್ ಮತ್ತು ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ, ಮೆದುಳಿನ ಕಾಯಿಲೆ ನೋಡುವ ಕ್ಲಿನಿಕ್‌ಗಳು ಜಿಲ್ಲಾಸ್ಪತ್ರೆಗಳಲ್ಲಿವೆ. ಅಲ್ಲಿ ಹಿಡಿತಕ್ಕೆ ಬರದಿದ್ದರೆ ನಿಮ್ಹಾನ್ಸ್. ಬೆಳಿಗ್ಗೆ ಬೇಗ ಹೋಗಿ, ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ಇಟ್ಟುಕೊಳ್ಳಿ.

ಊರಲ್ಲಿ ಗೊತ್ತಾದರೆ ಅವಳ ಮದುವೆ ಕಷ್ಟ ಅಂತ ಕೊನೆಯಲ್ಲಿ ಬರೆದಿದ್ದೀರಿ. ಈ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ಚಿಕಿತ್ಸೆ ಇಲ್ಲದೆ ಉಳಿಯುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಇರುವವರ ಮದುವೆಗೆ ಅಡ್ಡಿಯಾಗಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಫಿಟ್ಸ್ ಇರುವವರು ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಒಂದು ಮಾತು ಮಾತ್ರ: ಯಾವತ್ತಾದರೂ ಅವಳಿಗೆ ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಮಾತ್ರೆ ಬರೆದುಕೊಟ್ಟರೆ, ಬೇರೆ ಮಾತ್ರೆ ಆಗುತ್ತಾ ಅಂತ ಬಾಯಿ ಬಿಟ್ಟು ಕೇಳಿ. ಬಸುರಿಯಾದಾಗ ಅದು ಮಗುವಿಗೆ ತೊಂದರೆ ಮಾಡಬಹುದು.

ಡಾಕ್ಟರನ್ನು ನೋಡುವವರೆಗೂ ತಲೆಗೆ ಬಿಸಿನೀರು ನಿಲ್ಲಿಸಿ. ನಿಜಾನಾ ನೋಡೋಣ ಅಂತ ಪರೀಕ್ಷೆ ಮಾಡಲೂ ಹೋಗಬೇಡಿ. ಬಚ್ಚಲ ಚಿಲಕ ಹಾಕಿಕೊಳ್ಳುವುದು ಬೇಡ. ಒಲೆ, ಹಂಡೆ ಹತ್ತಿರ ಕೂರಿಸಬೇಡಿ. ಫಿಟ್ಸ್ ಬಂದರೆ ನೀರಿನಿಂದ ಈಚೆ ಎಳೆದು ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಗಡಿಯಾರ ನೋಡುತ್ತಿರಿ. 5 ನಿಮಿಷವಾದರೂ ನಿಲ್ಲದಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.