ಚಿಕ್ಕ ಸಭೆಯ ಪಾಸ್ಟರ್ ಮನೆಗೆ ಹೋಗುವಾಗ ಏನು ಕೊಡಬೇಕು, ಹೇಗೆ ಕೊಡಬೇಕು?

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ ಕೊಡಗಿನ ಕುಶಾಲನಗರದ ಕಡೆಗೆ ಹೊಸದಾಗಿ ಬಂದಿದ್ದೀರಿ, ಇಪ್ಪತ್ತೈದು ಮನೆಗಳ ಒಂದು ಕ್ರೈಸ್ತ ಸಭೆಗೆ ಸೇರಿದ್ದೀರಿ. ಪಾಸ್ಟರ್ ಮನೆಗೆ ಹೋಗಿ ಕೈಲಾದ ಸಹಾಯ ಮಾಡಬೇಕು ಅಂತಿದೆ, ಆದರೆ ದುಡ್ಡು ಕೊಟ್ಟರೆ ಅವರಿಗೆ ನೋವಾಗಬಹುದಾ ಅನ್ನೋ ಸಂಕೋಚ. ನಾನು ಸಿದ್ದಾಪುರದ ಹತ್ತಿರ ಅಂಥದ್ದೇ ಒಂದು ಸಭೆಯವಳು. ನಮ್ಮ ಮನೆಯವರು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಸಭೆಯ ಮುಕ್ಕಾಲು ಪಾಲು ಜನ ಲೈನ್ ಮನೆಗಳಿಂದ, ಅಂದರೆ ತೋಟದ ಕೆಲಸದವರ ಸಾಲು ಮನೆಗಳಿಂದ, ಬರುವವರು.

ಖಂಡಿತ ಹೋಗಿ. ಆದರೆ ಮೊದಲ ಸಲ ನಿಮ್ಮ ಕಷ್ಟ ಯಾವುದನ್ನೂ ಹೇಳಬೇಡಿ. ಆ ಬಾಗಿಲು ತಟ್ಟುವವರೆಲ್ಲ ಏನಾದರೊಂದು ಹೊತ್ತುಕೊಂಡೇ ಬರ್ತಾರೆ: ಗಂಡನ ಕುಡಿತ, ಮಗಳ ಮದುವೆ, ಸಾಲ, ಜ್ವರ. ಬೆಳಿಗ್ಗೆ ಆರಕ್ಕೂ ಬರ್ತಾರೆ, ರಾತ್ರಿ ಹತ್ತಕ್ಕೂ ಬರ್ತಾರೆ. ಪಾಸ್ಟರ್ ಹೆಂಡತಿಯನ್ನು "ಪಾಸ್ಟರಮ್ಮ, ನೀವು ಹೇಗಿದ್ದೀರಿ?" ಅಂತ ಕೇಳಿ, ಅವರು ಬಾಯಿ ಬಿಡುವ ತನಕ ಕೂತಿರುವವರು ತೀರಾ ಕಡಿಮೆ.

ಆರು ವರ್ಷ ನಾನೂ ಕೇಳಿರಲಿಲ್ಲ. ಒಂದು ಜುಲೈಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಪ್ರಾರ್ಥನೆಗೆ ಹೇಳಲು ಹೋದೆ. ನಾಲ್ಕು ದಿನದಿಂದ ಕರೆಂಟ್ ಇರಲಿಲ್ಲ. ಪಾಸ್ಟರಮ್ಮ ಬೆಲ್ಲದ ಕಾಫಿ ಕೊಟ್ಟರು. ಲೋಟ ಇಡಲು ಅಡುಗೆಮನೆಗೆ ಹೋದಾಗ ಒಲೆ ಮುಂದೆ ಒದ್ದೆ ಸೌದೆ, ಮನೆ ತುಂಬ ಹೊಗೆ. ಗ್ಯಾಸ್ ಮುಗಿದು ಎರಡು ವಾರವಾಗಿತ್ತು. ಅಕ್ಕಿ ಡಬ್ಬದ ತಳ ಕಾಣುತ್ತಿತ್ತು. ಅದರಲ್ಲೂ ಹಿಂದಿನ ದಿನ ಲೈನ್ ಮನೆಯ ಒಬ್ಬ ಬಾಣಂತಿಗೆ ಎರಡು ಸೇರು ಕೊಟ್ಟಿದ್ದರು. ನನಗೆ ಹೇಳಲಿಲ್ಲ, ಅವರ ಚಿಕ್ಕ ಮಗಳು ಹೇಳಿದ್ದು. ಆ ಕಾಫಿ ಕುಡಿದದ್ದು ಇವತ್ತಿಗೂ ನನಗೆ ಸಂಕಟ.

ಅಮ್ಮನಿಗಾಗಿ ಅವರು ಪ್ರಾರ್ಥನೆಯನ್ನೂ ಮಾಡಿದರು. ಅವತ್ತು ಸಂಜೆಯೇ ನಮ್ಮನೆಯವರು ಜೀಪಿನಲ್ಲಿ ಒಣ ಸೌದೆ ತಂದು ಹಾಕಿದರು.

ಯಾಕೆ ಹೀಗಾಗುತ್ತೆ ಅನ್ನೋದು ನಿಮಗೆ ಗೊತ್ತಿರಬೇಕು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸೇರಿದ ಸಭೆಯಾದರೆ ಅಯ್ಯನವರ, ಅಂದರೆ ಅಲ್ಲಿನ ಪಾಸ್ಟರ್ ಹಿಂದೆ ಸಭಾಪ್ರಾಂತ, ಅಂದರೆ ಬಿಷಪ್ಪರ ಆಡಳಿತ, ಇರುತ್ತೆ, ನಮ್ಮ ಕಡೆಗೆ ಮಂಗಳೂರಿನ ಕರ್ನಾಟಕ ದಕ್ಷಿಣ ಸಭಾಪ್ರಾಂತ. ಅವರ ಕಷ್ಟ ವರ್ಗಾವಣೆಯದು, ಮಕ್ಕಳ ಶಾಲೆ ಬದಲಾಗೋದು. ನಮ್ಮಂಥ ಸ್ವತಂತ್ರ ಸಭೆಗಳಲ್ಲಿ ಭಾನುವಾರದ ಕಾಣಿಕೆ, ದಶಮಾಂಶ (ಸಭೆಯವರು ಕೊಡುವ ಆದಾಯದ ಹತ್ತನೇ ಒಂದು ಪಾಲು) ಬಿಟ್ಟರೆ ಪಾಸ್ಟರಿಗೆ ಬೇರೆ ಆದಾಯವಿಲ್ಲ. ಡಿಸೆಂಬರಿಂದ ಕಾಫಿ ಕುಯ್ಲು ನಡೆಯುವಾಗ ಕೆಲಸದವರ ಕೈಯಲ್ಲಿ ದುಡ್ಡು ಓಡಾಡುತ್ತೆ, ಕಾಣಿಕೆ ಚೀಲವೂ ತುಂಬುತ್ತೆ. ಜೂನಲ್ಲಿ ಮಳೆ ಹಿಡಿದರೆ ತೋಟದಲ್ಲಿ ಕೆಲಸ ಕಡಿಮೆ, ಕಾಣಿಕೆಯೂ ಕಡಿಮೆ. ಶಾಲೆ ಫೀಸು, ಪುಸ್ತಕ, ಮಕ್ಕಳ ರೇನ್‌ಕೋಟು, ಔಷಧಿ ಎಲ್ಲ ಬರೋದು ಅದೇ ತಿಂಗಳುಗಳಲ್ಲಿ. ಊರವರಿಗೆ ಇದು ಹೊಳೆಯೋದಿಲ್ಲ. ವಿರಾಜಪೇಟೆಯ ಕಥೋಲಿಕರ ಸಂತ ಅನ್ನಮ್ಮ ದೇವಾಲಯ 1792ರಿಂದ ಇದೆ, ಕೊಡಗಿನವರಿಗೆ ಫಾದರ್ ಅಂದರೆ ಗೊತ್ತು. ಫಾದರಿಗೆ ಸಂಸಾರವಿಲ್ಲ. ನಮ್ಮ ಪಾಸ್ಟರನ್ನೂ ಫಾದರ್ ಅಂತಲೇ ಕರೆಯುವ ಅಂಗಡಿಯವರು, ಇವರನ್ನು ಚರ್ಚೇ ಸಾಕುತ್ತೆ ಅಂದುಕೊಂಡಿದ್ದಾರೆ.

ಹಾಗಾಗಿ ನಮ್ಮಲ್ಲಿ ಐದು ಮನೆಯವರು ಕುಯ್ಲಿನ ದುಡ್ಡಲ್ಲಿ ಸ್ವಲ್ಪ ಎತ್ತಿಟ್ಟು, ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಸಭೆಯ ಖಜಾಂಚಿ ಮೂಲಕ ಪಾಸ್ಟರಿಗೆ ತಲುಪಿಸುತ್ತೇವೆ. ರಸೀದಿಯಲ್ಲಿ ಹೆಸರಿಲ್ಲ. ತಿಂಗಳು ತಿಂಗಳು ಕೊಡುವ ದುಡ್ಡನ್ನು ನೇರವಾಗಿ ಕೈಗೆ ಕೊಡಬೇಡಿ ಅಂತಲೇ ನಾನು ಹೇಳೋದು. ಒಬ್ಬರೇ ಕೊಡುತ್ತಾ ಹೋದರೆ ವರ್ಷ ಕಳೆಯುವಷ್ಟರಲ್ಲಿ ಪಾಸ್ಟರ್ ಆ ಕೊಡುವವರ ಮುಖ ನೋಡಿ ಪ್ರಸಂಗ ಮಾಡಬೇಕಾಗುತ್ತೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ಹಬ್ಬಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಏನಾದರೂ ಕೊಡೋದಾದರೆ ಪಾಸ್ಟರಮ್ಮನ ಕೈಗೇ ಕೊಡಿ, ಇನ್ನೊಬ್ಬರ ಮುಂದೆ ಆಡಬೇಡಿ.

ಬೈಬಲ್ಲಿನಲ್ಲಿ ಶೂನೇಮ್ ಊರಿನ ಹೆಂಗಸು ಪ್ರವಾದಿ ಎಲೀಷನನ್ನು "ನಿಮಗೇನು ಬೇಕು?" ಅಂತ ಮೊದಲು ಕೇಳಲಿಲ್ಲ. ದಾರಿಯಲ್ಲಿ ಓಡಾಡುವವನಿಗೆ ಏನು ಬೇಕಾಗುತ್ತೆ ಅಂತ ಯೋಚಿಸಿ ಮಾಳಿಗೆಯಲ್ಲಿ ಕೋಣೆ ಮಾಡಿಸಿ, ಮಂಚ, ಮೇಜು, ಕುರ್ಚಿ, ದೀಪ ಇಟ್ಟಳು. ನೀವೂ ಕೇಳಿದರೆ "ದೇವರು ನಡೆಸ್ತಾರೆ" ಅನ್ನೋ ಉತ್ತರವೇ ಸಿಗೋದು. ಮೇ ತಿಂಗಳಲ್ಲೇ ಒಣ ಸೌದೆ ಹಾಕಿಸಿ. ಒಂದು ಚಾರ್ಜಿಂಗ್ ಲೈಟ್ ಕೊಡಿ. ಹಳೆ ಬಟ್ಟೆ ಮಾತ್ರ ಬೇಡ.

ಪಾಸ್ಟರದು ಬಯಲುಸೀಮೆಯಿಂದ ಬಂದ ಕುಟುಂಬವಾದರೆ ಇಲ್ಲಿನ ಮಳೆ ಅವರನ್ನು ಹೆದರಿಸುತ್ತೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನಾವೇ ಮರೆತಿಲ್ಲ. ಪಾಸ್ಟರ್ ದೂರದ ತೋಟಕ್ಕೆ ಪ್ರಾರ್ಥನೆಗೆ ಹೋದ ರಾತ್ರಿ ನಿಮ್ಮ ಹೆಂಡತಿ ಆ ಮನೆಗೊಂದು ಫೋನ್ ಮಾಡಲಿ. ಮುಸ್ಸಂಜೆ ಮೇಲೆ ಆನೆ ಬರುವ ದಾರಿ ಯಾವುದು ಅಂತ ತಿಳಿದುಕೊಂಡು ಅವರಿಗೂ ಹೇಳಿ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಅಕ್ಕಪಕ್ಕದವರಿಂದ ಮದ್ದು ಸೊಪ್ಪಿನ ಪಾಯಸ ಬಂದರೆ ಮೂತ್ರ ಕೆಂಪಗಾಗುತ್ತೆ, ಗಾಬರಿಯಾಗಬೇಡಿ ಅಂತಲೂ ಹೇಳಿಡಿ. ನಮ್ಮ ಪಾಸ್ಟರಮ್ಮ ಮೊದಲ ವರ್ಷ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು.

ಭಾನುವಾರ ಹೋಗಬೇಡಿ, ಅವತ್ತು ಅವರು ದಣಿದಿರುತ್ತಾರೆ. ಸೋಮವಾರವೋ ಮಂಗಳವಾರವೋ ಫೋನ್ ಮಾಡಿ, ಇಬ್ಬರೂ ಜೊತೆಯಲ್ಲಿ ಹೋಗಿ. ಹಿಂದಿನ ಪಾಸ್ಟರ್ ಮಾತು ಎತ್ತಬೇಡಿ. ಮಕ್ಕಳು ಗಲಾಟೆ ಮಾಡಿದರೆ "ಪಾಸ್ಟರ್ ಮಕ್ಕಳಾಗಿ ಹೀಗಾ?" ಅನ್ನಬೇಡಿ, ಅದನ್ನು ಅವರು ದಿನಾ ಕೇಳ್ತಾರೆ. ಒಂದು ಶನಿವಾರ ಆ ಮಕ್ಕಳನ್ನು ನಿಮ್ಮ ಮನೆಗೆ ಕರೆದು ಅಕ್ಕಿ ರೊಟ್ಟಿ ಮಾಡಿ ಹಾಕಿ, ಆಡೋಕೆ ಬಿಡಿ. ಆ ಎರಡು ಗಂಟೆ ಅವರಪ್ಪ ಅಮ್ಮ ಮನೆಯಲ್ಲಿ ಇಬ್ಬರೇ ಕೂತು ಊಟ ಮಾಡಲಿ.